ಹಳೆಯ ಮ್ಯಾನುವಲ್ ಲೆನ್ಸಿನಲ್ಲಿ ಪುಟ್ಟ ಮಕ್ಕಳ ಫೋಟೊ ತೆಗೆಯುವ ಬಗೆ

ಮೈಸೂರು ಮತ್ತು ಮಂಡ್ಯ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ತಂದೆಯದೋ ಸೋದರಮಾವನದೋ ಫಿಲಂ ಕಾಲದ ಲೆನ್ಸ್ ಒಂದು ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಸಿಕ್ಕಿದೆ, ಅಡಾಪ್ಟರ್ ತರಿಸಿ ಈಗಿನ ಕ್ಯಾಮೆರಾಗೆ ಹಾಕಿದ್ದೂ ಆಗಿದೆ, ಹೂವು, ದೀಪ, ದೇವಸ್ಥಾನದ ಗೋಪುರ ಎಲ್ಲವೂ ಸೊಗಸಾಗಿಯೇ ಬರುತ್ತಿವೆ. ಆದರೆ ಮನೆಯ ಎರಡು ವರ್ಷದ ಮಗುವಿನ ಫೋಟೊ ತೆಗೆಯಲು ಹೋದರೆ ಹತ್ತರಲ್ಲಿ ಒಂಬತ್ತು ಮಸುಕಾಗುತ್ತವೆ. ಓಡಾಡುವ ಮಗುವಿಗೆ ಇಂಥ ಲೆನ್ಸ್ ಒಗ್ಗುವುದೇ ಇಲ್ಲವೇ ಎಂದು ಅವರು ಕೇಳುತ್ತಾರೆ.

ಖಂಡಿತ ಒಗ್ಗುತ್ತದೆ. ಕ್ಯಾಮೆರಾದೊಳಗೇ ಆಟೊಫೋಕಸ್ ಅಳವಡಿಸಿ ವ್ಯಾಪಕವಾಗಿ ಯಶಸ್ವಿಯಾದ ಮೊದಲ ಎಸ್‌ಎಲ್‌ಆರ್ (ಒಳಗಿನ ಕನ್ನಡಿಯ ಮೂಲಕ ಲೆನ್ಸಿನ ನೋಟವನ್ನೇ ತೋರಿಸುವ ಕ್ಯಾಮೆರಾ) ಮಿನೋಲ್ಟಾ 7000 ಬಂದದ್ದು 1985ರಲ್ಲಿ. ಅದಕ್ಕೂ ಮೊದಲು ಎಸ್‌ಎಲ್‌ಆರ್‌ನಲ್ಲಿ ತೆಗೆದ ಮಕ್ಕಳ ಚಿತ್ರಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಕೈಯಿಂದಲೇ ಫೋಕಸ್ ಮಾಡಿದವು. ನಮ್ಮ ಮೈಸೂರಿನವರೇ ಆದ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ತೆಗೆದ ಮಕ್ಕಳ ಚಿತ್ರಗಳು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡಿದ್ದವು. ಆ ಪೀಳಿಗೆಯವರ ಕೈಯಲ್ಲಿ ನಮಗಿಂತ ವೇಗವೇನೂ ಇರಲಿಲ್ಲ. ಮಗು ಎಲ್ಲಿಗೆ ಬರುತ್ತದೆ ಎಂಬುದನ್ನು ಮೊದಲೇ ಅಂದಾಜು ಮಾಡಿ, ಆ ಜಾಗಕ್ಕೆ ಫೋಕಸ್ ಕಟ್ಟಿಟ್ಟು ಕಾಯುವುದು ಆ ಕಾಲದ ರೂಢಿಯಾಗಿತ್ತು. ಫೋಕಸ್ ಉಂಗುರ ತಿರುಗಿಸುತ್ತಾ ಮಗುವನ್ನು ಅಟ್ಟಿಸಿಕೊಂಡು ಹೋಗುವುದನ್ನು ಬಿಟ್ಟು, ಗೊತ್ತಾದ ಒಂದು ದೂರದಲ್ಲಿ ಮಗುವಿಗಾಗಿ ಕಾಯುವುದನ್ನು ಕಲಿಸುವುದಷ್ಟೇ ಈ ಲೇಖನದ ಉದ್ದೇಶ.

1. ಲೆನ್ಸನ್ನು ಪರೀಕ್ಷಿಸಿಕೊಳ್ಳಿ

ಮನೆಯಲ್ಲಿ ಸಿಕ್ಕಿದ್ದಾಗಲಿ, ಹಳೆಯ ಸಾಮಾನಿನವರಿಂದ ಕೊಂಡದ್ದಾಗಲಿ, ಮೊದಲು ಲೆನ್ಸಿನ ಹಿಂಬದಿಯಿಂದ ಮೊಬೈಲ್ ಟಾರ್ಚ್ ಹಾಕಿ ಮುಂಬದಿಯಿಂದ ಓರೆಯಾಗಿ ನೋಡಿ. ಜೇಡರ ಬಲೆಯ ಎಳೆಗಳಂತೆ ಹರಡಿರುವುದು ಬೂಷ್ಟು, ಅಂದರೆ ಫಂಗಸ್. ಇಡೀ ಗಾಜಿನ ಮೇಲೆ ತೆಳುವಾಗಿ ಉಸಿರು ಹಾಯಿಸಿದಂತೆ ಕಾಣುವುದು ಒಳಗಿನ ಎಣ್ಣೆ ಆವಿಯಾಗಿ ಕೂತ ಮಬ್ಬು. ನಾಲ್ಕಾರು ಧೂಳಿನ ಕಣಗಳಿಂದ ಚಿತ್ರಕ್ಕೆ ಏನೂ ಆಗದು. ಮಬ್ಬಿನಿಂದ ಆಗುತ್ತದೆ, ಮುಖ್ಯವಾಗಿ ಕಿಟಕಿಗೆ ಎದುರಾಗಿ ತೆಗೆದಾಗ.

ಅದಕ್ಕಿಂತಲೂ ಮುಖ್ಯವಾದದ್ದು ಫೋಕಸ್ ಉಂಗುರದ ನಡಿಗೆ. ಅದು ಬೆಣ್ಣೆಯಂತೆ ಸಮವಾಗಿ ತಿರುಗಬೇಕು. ಒಳಗಿನ ಗ್ರೀಸ್ ಒಣಗಿ ಬಿಗಿಯಾಗಿದ್ದರೆ ಅಥವಾ ತಿರುಗಿಸುವಾಗ ಅತ್ತಿತ್ತ ಅಲುಗುತ್ತಿದ್ದರೆ, ಅಂಥ ಲೆನ್ಸಿನಲ್ಲಿ ಹೂವಿನ ಚಿತ್ರ ತೆಗೆಯಬಹುದೇ ಹೊರತು ಮಕ್ಕಳದ್ದು ಕಷ್ಟ. ಮೊದಲು ರಿಪೇರಿ ಮಾಡಿಸಿ.

ಯಾವ ಲೆನ್ಸ್ ಒಳ್ಳೆಯದು ಎಂದು ಕೇಳುವವರಿಗೆ ನನ್ನ ಸಲಹೆ ಸರಳ: ಸಾಮಾನ್ಯವಾಗಿ ಸಿಗುವ 50 ಮಿ.ಮೀ. ಫೋಕಲ್ ಉದ್ದದ (ನೋಟ ಎಷ್ಟು ಅಗಲವೆಂದು ತಿಳಿಸುವ ಅಳತೆ) ಲೆನ್ಸುಗಳಲ್ಲಿ ಯಾವುದಾದರೂ ಸಾಕು. ನಿಕಾನಿನ ನಿಕ್ಕೋರ್ 50 ಮಿ.ಮೀ., ಕ್ಯಾನನ್ ಎಫ್‌ಡಿ, ಮಿನೋಲ್ಟಾ ರೊಕ್ಕೋರ್, ಒಲಿಂಪಸ್ ಝುಯಿಕೊ, ಪೆಂಟಾಕ್ಸಿನ ಟಾಕುಮಾರ್ ಎಲ್ಲವೂ ಈ ಕೆಲಸಕ್ಕೆ ತಕ್ಕವೇ. ಸೋವಿಯತ್ ಕಾಲದ ಹೀಲಿಯೋಸ್ 44-2 ಲೆನ್ಸಿನ ಸುಳಿಯಂಥ ಹಿನ್ನೆಲೆಗೆ ಅನೇಕರು ಮರುಳಾಗುತ್ತಾರೆ, ಆದರೆ ಅದರಲ್ಲಿ ಅಪರ್ಚರ್‌ಗೆ (ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿಗೆ) ಎರಡು ಉಂಗುರಗಳಿರುವುದರಿಂದ ಅವಸರದಲ್ಲಿ ಕೈ ತಪ್ಪುತ್ತದೆ. ಎರಡು ಬೇರೆ ಕಂಪನಿಗಳ ಲೆನ್ಸುಗಳನ್ನು ಬೆರೆಸಿ ಬಳಸುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು: ನಿಕ್ಕೋರ್ ಉಂಗುರ ತಿರುಗುವ ದಿಕ್ಕು ಕ್ಯಾನನ್ ಮತ್ತು ಮಿನೋಲ್ಟಾ ಉಂಗುರಗಳಿಗೆ ವಿರುದ್ಧವಾಗಿರುತ್ತದೆ. ಕೈಗೆ ಒಂದು ದಿಕ್ಕಷ್ಟೇ ರೂಢಿಯಾಗಬೇಕಾದ್ದರಿಂದ ಕಲಿಯುವ ತಿಂಗಳುಗಳಲ್ಲಿ ಒಂದೇ ಲೆನ್ಸಿಗೆ ಅಂಟಿಕೊಳ್ಳಿ.

ಸೂಪರ್ ಟಾಕುಮಾರ್ 50 ಮಿ.ಮೀ. ಎಫ್/1.4ರಂಥ ಕೆಲವು ಹಳೆಯ ಲೆನ್ಸುಗಳ ಗಾಜಿನಲ್ಲಿ ಥೋರಿಯಂ ಇದ್ದು, ಅವು ಅಲ್ಪ ಪ್ರಮಾಣದಲ್ಲಿ ವಿಕಿರಣ ಹೊರಸೂಸುತ್ತವೆ. ಗಾಜು ಹಳದಿ ತಿರುಗಿರುವುದು ಅದರ ಸಾಮಾನ್ಯ ಗುರುತು. ಕ್ಯಾಮೆರಾದ ಮೇಲಿಟ್ಟು ಬಳಸುವುದಕ್ಕೆ ಹೆದರಬೇಕಾಗಿಲ್ಲ, ಆದರೆ ಮಗುವಿನ ಕೈಗೆ ಆಟಕ್ಕೆಂದು ಕೊಡಬೇಡಿ ಮತ್ತು ಮಲಗುವ ಜಾಗದ ಬಳಿ ಇಡಬೇಡಿ.

2. ಅಡಾಪ್ಟರ್ ಸರಿಯಾಗಿದೆಯೇ ನೋಡಿ

ಲೆನ್ಸು ಕೂರುವ ಅಂಚಿಗೂ ಕ್ಯಾಮೆರಾದ ಸೆನ್ಸರಿಗೂ ನಡುವಿನ ಅಂತರವನ್ನು ಫ್ಲಾಂಜ್ ದೂರ ಎನ್ನುತ್ತಾರೆ. 42 ಮಿ.ಮೀ. ತಿರುಪಿನ ಎಂ42 ಲೆನ್ಸುಗಳಿಗೆ ಇದು 45.46 ಮಿ.ಮೀ., ನಿಕಾನ್ ಎಫ್ ಲೆನ್ಸುಗಳಿಗೆ 46.5 ಮಿ.ಮೀ., ಕ್ಯಾನನ್ ಎಫ್‌ಡಿಗೆ 42 ಮಿ.ಮೀ. ಈಗಿನ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಗಳಲ್ಲಿ ಈ ದೂರ ಬಹಳ ಕಡಿಮೆ, ಸೋನಿ ಇ ಮೌಂಟಿನಲ್ಲಿ 18 ಮಿ.ಮೀ. ಮತ್ತು ನಿಕಾನ್ ಝಡ್‌ನಲ್ಲಿ 16 ಮಿ.ಮೀ. ಮಾತ್ರ, ಆದ್ದರಿಂದ ಉಳಿದ ಅಂತರವನ್ನು ಒಂದು ಟೊಳ್ಳು ಲೋಹದ ಬಳೆ ತುಂಬಿಕೊಟ್ಟರೆ ಸಾಕು, ಅದೇ ಅಡಾಪ್ಟರ್. ನಿಮ್ಮಲ್ಲಿರುವುದು ನಿಕಾನ್ ಡಿಎಸ್‌ಎಲ್‌ಆರ್ (ಕನ್ನಡಿಯಿರುವ ಡಿಜಿಟಲ್ ಕ್ಯಾಮೆರಾ) ಆಗಿದ್ದು ಲೆನ್ಸ್ ಎಂ42 ಆಗಿದ್ದರೆ, ತುಂಬಲು ಅಂತರವೇ ಇಲ್ಲದ ಕಾರಣ ದೂರದ ವಸ್ತುಗಳಿಗೆ ಫೋಕಸ್ ಸಿಗುವುದಿಲ್ಲ.

ಅಗ್ಗದ ಅಡಾಪ್ಟರುಗಳನ್ನು ಬೇಕೆಂದೇ ಇರಬೇಕಾದುದಕ್ಕಿಂತ ಕೂದಲೆಳೆಯಷ್ಟು ತೆಳುವಾಗಿ ಮಾಡಿರುತ್ತಾರೆ. ಇದರಿಂದ ಫೋಕಸ್ ಸಿಗುವುದರಲ್ಲಿ ತೊಂದರೆ ಇಲ್ಲ, ಆದರೆ ಲೆನ್ಸಿನ ಮೇಲೆ ಕೆತ್ತಿರುವ ದೂರದ ಅಂಕಿಗಳು ಕರಾರುವಾಕ್ಕಾಗಿ ಹೊಂದುವುದಿಲ್ಲ. ಈ ಮಾತು 4ನೇ ಹಂತದಲ್ಲಿ ಮತ್ತೆ ಬೇಕಾಗುತ್ತದೆ.

ಎಂ42 ಲೆನ್ಸುಗಳಲ್ಲಿ ಹಲವಕ್ಕೆ ಆಟೊ ಮತ್ತು ಮ್ಯಾನುವಲ್ ಎಂಬ ಪುಟ್ಟ ಸ್ವಿಚ್ ಇರುತ್ತದೆ. ಅದು ಮ್ಯಾನುವಲ್ ಕಡೆ ಇಲ್ಲದಿದ್ದರೆ ನೀವು ಅಪರ್ಚರ್ ಉಂಗುರವನ್ನು ಎಫ್/5.6ಕ್ಕೆ ತಿರುಗಿಸಿದರೂ (ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಒಳಗಿನ ಎಲೆಗಳು ಮುಚ್ಚಿಕೊಳ್ಳದೆ ಪೂರ್ತಿ ತೆರೆದೇ ಇರಬಹುದು. ಕ್ಯಾನನ್ ಎಫ್‌ಡಿ ಅಡಾಪ್ಟರಿನಲ್ಲಿಯೂ ಇದೇ ಕೆಲಸಕ್ಕೆ ಒಂದು ಉಂಗುರವಿರುತ್ತದೆ. "ಎಫ್/5.6ರಲ್ಲಿ ತೆಗೆದರೂ ಮಸುಕು" ಎಂದು ಬರೆದವರಲ್ಲಿ ಕೆಲವರ ತೊಂದರೆ ಇದೊಂದೇ ಆಗಿತ್ತು. ಉಂಗುರ ತಿರುಗಿಸಿ ಮುಂದಿನಿಂದ ನೋಡಿ, ಎಲೆಗಳು ಮುಚ್ಚಿಕೊಳ್ಳುವುದು ಕಣ್ಣಿಗೆ ಕಾಣಬೇಕು.

3. ಕ್ಯಾಮೆರಾವನ್ನು ಹೊಂದಿಸಿ

ಲೆನ್ಸ್ ಇಲ್ಲದೆಯೂ ಶಟರ್ ಬಿಡುವಂತೆ ಅನುಮತಿಸುವ ಆಯ್ಕೆಯನ್ನು ಮೆನುವಿನಲ್ಲಿ ಹುಡುಕಿ ಚಾಲೂ ಮಾಡಿ. ಹಳೆಯ ಲೆನ್ಸಿನಲ್ಲಿ ವಿದ್ಯುತ್ ಸಂಪರ್ಕ ಇಲ್ಲದಿರುವುದರಿಂದ ಎಷ್ಟೋ ಕ್ಯಾಮೆರಾಗಳು ಲೆನ್ಸೇ ಇಲ್ಲವೆಂದು ತಿಳಿದುಕೊಳ್ಳುತ್ತವೆ. ಕ್ಯಾಮೆರಾದೊಳಗೆ ಅಲುಗಾಟ ತಡೆಯುವ ವ್ಯವಸ್ಥೆ ಇದ್ದರೆ ಅದಕ್ಕೆ ಲೆನ್ಸಿನ ಅಳತೆಯನ್ನು ಕೈಯಾರೆ 50 ಎಂದು ತುಂಬಿ.

ಫೋಕಸ್ ಪೀಕಿಂಗ್ ಎಂದರೆ ಫೋಕಸಿನಲ್ಲಿರುವ ಅಂಚುಗಳಿಗೆ ಕ್ಯಾಮೆರಾ ಬಣ್ಣ ಹಚ್ಚಿ ತೋರಿಸುವ ಸೌಲಭ್ಯ. ಅದರ ಮಟ್ಟವನ್ನು ಕಡಿಮೆಗೆ ಇಡಿ. ಮಟ್ಟ ಹೆಚ್ಚಿದ್ದರೆ ಹುಬ್ಬು, ಕಿವಿ, ಅಂಗಿಯ ಗೆರೆ ಎಲ್ಲವೂ ಒಟ್ಟಿಗೆ ಮಿನುಗಿ, ಕಣ್ಣು ಸಿಕ್ಕಿದೆಯೆಂದು ನಂಬಿಸುತ್ತವೆ. ನಿಂತ ಅಥವಾ ಕೂತ ಮಗುವಿಗೆ, ಚಿತ್ರವನ್ನು ಹಿಗ್ಗಿಸಿ ತೋರಿಸುವ ಮ್ಯಾಗ್ನಿಫೈ ಸೌಲಭ್ಯವೇ ಹೆಚ್ಚು ನಂಬಿಕೆಗೆ ಅರ್ಹ. ಹೆಬ್ಬೆರಳಿಗೆ ಸಿಗುವ ಗುಂಡಿಯೊಂದಕ್ಕೆ ಅದನ್ನು ಒಪ್ಪಿಸಿಡಿ.

ಎಕ್ಸ್‌ಪೋಶರಿಗೆ ಶಟರ್ ವೇಗವನ್ನು ನೀವು ಹಿಡಿಯಿರಿ, ಐಎಸ್‌ಒ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) ಸಂಖ್ಯೆಯನ್ನು ಕ್ಯಾಮೆರಾಗೆ ಬಿಡಿ. ಕೂತ ಮಗುವಿಗೆ ಸೆಕೆಂಡಿನ 1/125, ನಡೆಯುವ ಮಗುವಿಗೆ 1/250, ಓಡುವ ಮಗುವಿಗೆ 1/500 ಕನಿಷ್ಠ ಎಂದಿಟ್ಟುಕೊಳ್ಳಿ. ಸಂಜೆಯ ಹೊತ್ತು ಐಎಸ್‌ಒ 3200ಕ್ಕೆ ಏರಿದರೂ ಏರಲಿ. ಚಿತ್ರ ತರಿತರಿಯಾದರೆ ಮನೆಯವರು ಯಾರೂ ಬೇಸರಿಸುವುದಿಲ್ಲ, ಅಲುಗಿದ ಮುಖವನ್ನು ಮಾತ್ರ ಯಾರೂ ಸರಿಪಡಿಸಲಾರರು.

ನಮ್ಮ ವಿದ್ಯುತ್ತು 50 ಹರ್ಟ್ಸ್ ಆಗಿರುವುದರಿಂದ ಕೆಲವು ಎಲ್‌ಇಡಿ ದೀಪಗಳು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ, ಆದ್ದರಿಂದ ಮೌನ (ಎಲೆಕ್ಟ್ರಾನಿಕ್) ಶಟರ್ ಬಳಸಿದರೆ ಚಿತ್ರದಲ್ಲಿ ಅಡ್ಡಪಟ್ಟಿಗಳು ಬರಬಹುದು. ನವರಾತ್ರಿಯಲ್ಲಿ ಗೊಂಬೆ ಕೂರಿಸಿದ ಮೆಟ್ಟಿಲಿನ ಮುಂದೆ, ಸೀರಿಯಲ್ ದೀಪಗಳ ಬೆಳಕಿನಲ್ಲಿ ಮಗುವನ್ನು ಕೂರಿಸಿ ತೆಗೆಯುವವರು ಯಾಂತ್ರಿಕ ಶಟರಿಗೆ ಬದಲಾಯಿಸಿ, ಇಲ್ಲಿ ಮಾತ್ರ 1/125ರ ಬದಲು 1/100 ಸೆಕೆಂಡಿನಲ್ಲಿ ತೆಗೆಯಿರಿ.

4. ಅಪರ್ಚರ್ ಮತ್ತು ದೂರ: ಇಲ್ಲಿ ಅವಸರ ಬೇಡ

ಹೆಚ್ಚಿನವರು ಸೋಲುವುದು ಇಲ್ಲಿಯೇ. ಲೆನ್ಸು ಎಫ್/1.8ಕ್ಕೆ ತೆರೆಯುತ್ತದೆ, ಹಿನ್ನೆಲೆ ಕರಗಿ ಹೋಗುತ್ತದೆ, ಆದ್ದರಿಂದ ಯಾವಾಗಲೂ ಅಲ್ಲಿಯೇ ಇಡಬೇಕೆಂಬ ಆಸೆ ಸಹಜ. ಆದರೆ ಲೆಕ್ಕ ನೋಡಿ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ, ಅಂದರೆ ಹಳೆಯ ಫಿಲಂ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರ್ ಇರುವ ಕ್ಯಾಮೆರಾದಲ್ಲಿ, 50 ಮಿ.ಮೀ. ಲೆನ್ಸನ್ನು ಎಫ್/1.8ಕ್ಕೆ ತೆರೆದು ಒಂದು ಮೀಟರ್ ದೂರದ ಮಗುವಿಗೆ ಹಿಡಿದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 4 ಸೆಂ.ಮೀ. ಮಾತ್ರ. ಸೆಕೆಂಡಿಗೆ ಎರಡು ಮೀಟರ್ ಓಡುವ ಮಗು ಆ 4 ಸೆಂ.ಮೀ. ದಾಟಲು ಸೆಕೆಂಡಿನ ಐವತ್ತನೇ ಒಂದು ಭಾಗ ಸಾಕು. ಯಾವ ಪಳಗಿದ ಕೈಯೂ ಅಷ್ಟರಲ್ಲಿ ಉಂಗುರ ತಿರುಗಿಸಿ ಗುಂಡಿ ಒತ್ತಲಾರದು.

ಈಗ ಎರಡು ಮೀಟರಿಗೆ ಹಿಂದೆ ಸರಿದು ಎಫ್/5.6ಕ್ಕೆ ಮುಚ್ಚಿ. ಸ್ಪಷ್ಟ ಆಳ ಅರ್ಧ ಮೀಟರಿಗಿಂತ ತುಸು ಹೆಚ್ಚಾಗುತ್ತದೆ. ಅದೇ ಮಗು ಅದನ್ನು ದಾಟಲು ಕಾಲು ಸೆಕೆಂಡು ಬೇಕು. ಒಂದೇ ಸಮನೆ ಕ್ಲಿಕ್ಕಿಸುವ ಬರ್ಸ್ಟ್ ಮೋಡಿನಲ್ಲಿ ಸೆಕೆಂಡಿಗೆ ಎಂಟು ಚಿತ್ರ ತೆಗೆಯುವ ಕ್ಯಾಮೆರಾ ಇದ್ದರೆ ಅಷ್ಟರಲ್ಲಿ ಎರಡು ಚಿತ್ರ ಸಿಗುತ್ತವೆ. ಎಫ್/4ರಲ್ಲಿ ಅದೇ ದೂರಕ್ಕೆ ಆಳ ಸುಮಾರು 37 ಸೆಂ.ಮೀ. ಆದ್ದರಿಂದ ನನ್ನ ಸ್ಪಷ್ಟ ಅಭಿಪ್ರಾಯವೇನೆಂದರೆ, ಎಚ್ಚರವಾಗಿ ಕದಲುತ್ತಿರುವ ಮಗುವಿಗೆ ಎಫ್/4ರಿಂದ ಎಫ್/5.6, ನಿದ್ದೆಯಲ್ಲಿರುವ ಅಥವಾ ನಿಶ್ಚಲವಾಗಿರುವ ಮಗುವಿಗೆ ಮಾತ್ರ ಎಫ್/2. ಹಿನ್ನೆಲೆ ಕರಗಬೇಕಿದ್ದರೆ ಅಪರ್ಚರ್ ತೆರೆಯುವ ಬದಲು ಮಗುವಿನ ಹಿಂದಿನ ಗೋಡೆಯನ್ನು ನಾಲ್ಕೈದು ಮೀಟರ್ ದೂರ ಮಾಡಿ, ಅಂದರೆ ಮಗುವನ್ನು ಗೋಡೆಯ ಬಳಿಯಿಂದ ಅಂಗಳದ ನಡುವಿಗೆ ಕರೆಯಿರಿ.

ಎಪಿಎಸ್‌ಸಿ ಸೆನ್ಸರಿನ, ಅಂದರೆ ಅದಕ್ಕಿಂತ ಚಿಕ್ಕ ಸೆನ್ಸರಿನ ಕ್ಯಾಮೆರಾ ಇರುವವರಿಗೆ 50 ಮಿ.ಮೀ. ಲೆನ್ಸಿನ ನೋಟ 75 ಮಿ.ಮೀ. ಲೆನ್ಸಿನಷ್ಟು ಕಿರಿದಾಗುತ್ತದೆ. ಫುಲ್‌ಫ್ರೇಮ್ ಕ್ಯಾಮೆರಾವನ್ನು ಎರಡು ಮೀಟರ್ ದೂರದಲ್ಲಿ ಲಂಬವಾಗಿ ಹಿಡಿದರೆ ಸುಮಾರು 1.4 ಮೀಟರ್ ಎತ್ತರ ಹಿಡಿಯುವುದರಿಂದ ಮೂರು ವರ್ಷದ ಮಗು ನಿಂತರೂ ಪೂರ್ತಿ ಬರುತ್ತದೆ. ಎಪಿಎಸ್‌ಸಿಯಲ್ಲಿ 94 ಸೆಂ.ಮೀ. ಮಾತ್ರ ಬಂದು ಕಾಲು ಕತ್ತರಿಸಿಹೋಗುತ್ತದೆ. ಸಣ್ಣ ಕೋಣೆಗಳಲ್ಲಿ ಹಿಂದೆ ಸರಿಯಲು ಜಾಗ ಸಿಗದಿದ್ದರೆ 35 ಅಥವಾ 28 ಮಿ.ಮೀ. ಹಳೆಯ ಲೆನ್ಸ್ ಹುಡುಕುವುದು ವಾಸಿ.

ದೂರದ ಅಂದಾಜು ಕಣ್ಣಿಗೆ ಬರುವುದು ಅಭ್ಯಾಸದಿಂದ. ದರ್ಜಿಯ ಟೇಪು ತೆಗೆದುಕೊಂಡು ಹಜಾರದಲ್ಲಿ ಒಂದು, ಒಂದೂವರೆ, ಎರಡು ಮತ್ತು ಮೂರು ಮೀಟರಿಗೆ ಸೀಮೆಸುಣ್ಣದ ಗೆರೆ ಎಳೆಯಿರಿ. ಒಂದು ಚನ್ನಪಟ್ಟಣದ ಗೊಂಬೆಯನ್ನು ಮಗುವಿನ ಎತ್ತರಕ್ಕೆ ಸ್ಟೂಲಿನ ಮೇಲಿಟ್ಟು, ಪ್ರತಿ ಗೆರೆಯಲ್ಲಿ ನಿಂತು ಫೋಕಸ್ ಮಾಡಿ, ಆಗ ಉಂಗುರ ಎಲ್ಲಿ ನಿಂತಿತೋ ಅಲ್ಲಿ ಬಿಳಿ ಟೇಪಿನ ಚುಕ್ಕೆ ಅಂಟಿಸಿ. ಅಡಾಪ್ಟರಿನಿಂದ ಅಂಕಿಗಳು ತಪ್ಪಿದ್ದರೂ ಈ ಚುಕ್ಕೆಗಳು ತಪ್ಪುವುದಿಲ್ಲ. ದಿನಕ್ಕೆ ಹತ್ತು ನಿಮಿಷದಂತೆ ಎರಡು ವಾರ ಅಭ್ಯಾಸ ಮಾಡಿದರೆ ಕಣ್ಣಿನಿಂದ ಕ್ಯಾಮೆರಾ ಇಳಿಸಿದ್ದಾಗಲೂ ಬೆರಳು ಎರಡು ಮೀಟರಿನ ಚುಕ್ಕೆಯನ್ನು ತಾನಾಗಿಯೇ ಹುಡುಕಿಕೊಳ್ಳುತ್ತದೆ.

ಲೆನ್ಸಿನ ಮೇಲೆ ಅಪರ್ಚರ್ ಅಂಕಿಗಳು ಎಡಬಲಕ್ಕೆ ಜೋಡಿಯಾಗಿ ಕೆತ್ತಿರುವುದನ್ನು ನೋಡಿರುತ್ತೀರಿ. ಅದು ಸ್ಪಷ್ಟ ಆಳ ಎಲ್ಲಿಂದ ಎಲ್ಲಿಯವರೆಗೆ ಎಂದು ತೋರಿಸುವ ಪಟ್ಟಿ. ಆದರೆ ಅದು ಸಾಧಾರಣ ಅಳತೆಯ ಪ್ರಿಂಟುಗಳ ಕಾಲದ್ದು. ಇವತ್ತು ಚಿತ್ರವನ್ನು ಹಿಗ್ಗಿಸಿ ನೋಡುವ ನಾವು ಒಂದು ಮೆಟ್ಟಿಲು ಬಿಗಿಯಾಗಿ ಓದಬೇಕು: ಎಫ್/5.6 ಇಟ್ಟಿದ್ದರೆ 4ರ ಜೋಡಿಗೆರೆಗಳನ್ನು ನಂಬಿ.

5. ಬೆಳಕಿನ ಜಾಗ ಆರಿಸಿ

ಎಫ್/5.6, 1/500 ಎಂದರೆ ಬೆಳಕು ಧಾರಾಳವಾಗಿ ಬೇಕು, ಆದರೆ ನೆತ್ತಿಯ ಬಿಸಿಲು ಬೇಡ. ಮೈಸೂರಿನ ಹಳೆಯ ಅಗ್ರಹಾರದ ಮನೆಗಳಲ್ಲಿ, ಮಂಡ್ಯದ ಹಳ್ಳಿಗಳ ತೊಟ್ಟಿಮನೆಗಳಲ್ಲಿ ಇದಕ್ಕೆ ಹೇಳಿ ಮಾಡಿಸಿದ ಜಾಗವಿದೆ. ತೊಟ್ಟಿಯ ಮೇಲಿಂದ ಇಳಿಯುವ ಆಕಾಶದ ಬೆಳಕು ಪಡಸಾಲೆಯ ಅಂಚಿನಲ್ಲಿ ಕೂತ ಮಗುವಿನ ಮುಖಕ್ಕೆ ಮೃದುವಾಗಿ ಬೀಳುತ್ತದೆ. ಜಗಲಿಯೂ ಅಷ್ಟೇ ಒಳ್ಳೆಯದು. ಒಂದೇ ಎಚ್ಚರಿಕೆ: ಕೆಂಪು ಗಾರೆಯ ನೆಲಕ್ಕೆ ಬಿಸಿಲು ಬಿದ್ದರೆ ಆ ಕೆಂಪು ಮಗುವಿನ ಗಲ್ಲಕ್ಕೂ ಕುತ್ತಿಗೆಗೂ ಹತ್ತುತ್ತದೆ. ಚಿತ್ರದ ಚೌಕಟ್ಟಿಗೆ ಬಾರದಂತೆ ನೆಲದ ಮೇಲೊಂದು ಬಿಳಿ ಪಂಚೆ ಹಾಸಿದರೆ ಕೆಂಪೂ ಹೋಗುತ್ತದೆ, ಕಣ್ಣಿನ ಕೆಳಗಿನ ನೆರಳೂ ತಿಳಿಯಾಗುತ್ತದೆ. ತೆಂಗಿನ ಗರಿಯ ಚುಕ್ಕೆ ನೆರಳನ್ನು ಬಿಟ್ಟುಬಿಡಿ, ಅದು ಮುಖವನ್ನು ಚೂರುಚೂರು ಮಾಡುತ್ತದೆ.

ಹೊರಗಿನ ಜಾಗಗಳಲ್ಲಿ ಕಾರಂಜಿ ಕೆರೆಯ ಉದ್ಯಾನ, ಕುಕ್ಕರಹಳ್ಳಿ ಕೆರೆಯ ಏರಿಯ ದಾರಿ ಮುಂತಾದವು ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಚೆನ್ನ. ಹಲವು ಹಳೆಯ ಲೆನ್ಸುಗಳ ಗಾಜಿಗೆ ಇಂದಿನಂಥ ಬಹುಪದರದ ಲೇಪವಿಲ್ಲದಿರುವುದರಿಂದ ಸೂರ್ಯ ಎದುರಿಗಿದ್ದರೆ ಇಡೀ ಚಿತ್ರ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಲೆನ್ಸಿನ ಮುಂದೆ ಬದಿಯ ಬೆಳಕು ತಡೆಯುವ, ಮಡಚುವ ರಬ್ಬರ್ ಹುಡ್ ಹಾಕಿಕೊಳ್ಳಿ. ಹಲವು ಟಾಕುಮಾರುಗಳಿಗೂ ಹೀಲಿಯೋಸ್ 44-2ಕ್ಕೂ 49 ಮಿ.ಮೀ., 50 ಮಿ.ಮೀ. ನಿಕ್ಕೋರುಗಳಿಗೆ 52 ಮಿ.ಮೀ. ತಿರುಪಿನ ಹುಡ್ ಬೇಕು. ಮಗು ಓಡಿಬಂದು ಮೂತಿ ತಾಗಿಸಿದರೂ ರಬ್ಬರಿನಿಂದ ನೋವಾಗದು.

ಭಾನುವಾರ ಸಂಜೆ ಅರಮನೆಯ ದೀಪಾಲಂಕಾರದ ಮುಂದೆ ಮಗುವನ್ನು ನಿಲ್ಲಿಸುವ ಆಸೆ ಎಲ್ಲರದೂ. ಅರಮನೆಯನ್ನು ಬೆನ್ನಿಗಿಟ್ಟರೆ ಮುಖ ಕಪ್ಪಾಗುತ್ತದೆ. ಅದರ ಬದಲು ಮಗುವಿನ ಮುಖವನ್ನು ಅರಮನೆಯ ಕಡೆಗೇ ತಿರುಗಿಸಿ, ನೀವು ಪಕ್ಕಕ್ಕೆ ನಿಲ್ಲಿ. ಸುಮಾರು ಒಂದು ಲಕ್ಷ ಬಲ್ಬುಗಳು ಆ ಮುಖಕ್ಕೆ ದೀಪವಾಗುತ್ತವೆ. ಮಗು ಅಪ್ಪನ ಹೆಗಲ ಮೇಲೆ ನಿಶ್ಚಲವಾಗಿ ಕೂತು ನೋಡುತ್ತಿರುವ ಹೊತ್ತು ಎಫ್/2, 1/125 ಸಾಕು.

6. ಮಗುವಿನ ವಯಸ್ಸಿಗೆ ತಕ್ಕ ವಿಧಾನ

ಇನ್ನೂ ಕೂರಲು ಬಾರದ ಕೂಸು ಕದಲಿದರೂ ಇದ್ದ ಜಾಗದಲ್ಲೇ ಇರುತ್ತದೆ, ಆದರೆ ನೀವು ಬಹಳ ಹತ್ತಿರ ಹೋಗುತ್ತೀರಿ. ಅಷ್ಟು ಹತ್ತಿರದಲ್ಲಿ ಉಂಗುರ ತಿರುಗಿಸುವುದಕ್ಕಿಂತ ಮೈಯನ್ನೇ ಹಿಂದೆ ಮುಂದೆ ಒಂದೆರಡು ಬೆರಳಷ್ಟು ಬಾಗಿಸುವುದು ಸುಲಭ. ಮೊಣಕೈಗಳನ್ನು ಚಾಪೆಯ ಮೇಲೂರಿ, ರೆಪ್ಪೆ ಸ್ಪಷ್ಟವಾದ ಕ್ಷಣಕ್ಕೆ ಒತ್ತಿ. ಹತ್ತಿರದ ಕಣ್ಣಿಗೆ ಫೋಕಸ್ ಇರಲಿ. ಕ್ಯಾಮೆರಾದ ಪಟ್ಟಿ ನಿಮ್ಮ ಕತ್ತಿನಲ್ಲೇ ಇರಬೇಕು, ಕೂಸಿನ ಮೇಲೆ ನೇರವಾಗಿ ಕ್ಯಾಮೆರಾ ಹಿಡಿಯಬಾರದು. ಹಳೆಯ ಲೋಹದ ಲೆನ್ಸುಗಳು ಭಾರ.

ಅಂಬೆಗಾಲಿಡುವ ಮತ್ತು ತಪ್ಪುಹೆಜ್ಜೆಯ ಮಕ್ಕಳಿಗೆ ಗುರಿಯ ಜಾಗ ಬೇಕು. ನೆಲದ ಮೇಲೆ ಮಗುವಿಗೆ ಇಷ್ಟವಾದ ವಸ್ತುವೊಂದನ್ನಿಡಿ, ಒಂದು ಸ್ಟೀಲ್ ಲೋಟವಾದರೂ ಸಾಕು. ಆ ಲೋಟಕ್ಕಿಂತ ಒಂದು ಗೇಣು ಹಿಂದಕ್ಕೆ ಫೋಕಸ್ ಮಾಡಿ ಉಂಗುರದಿಂದ ಕೈ ತೆಗೆಯಿರಿ. ಮಗು ಕೈಯನ್ನು ಮುಂದೆ ಚಾಚಿ ಬರುವುದರಿಂದ ಕೈ ಲೋಟ ಮುಟ್ಟುವಾಗ ಮುಖ ಆ ಒಂದು ಗೇಣಿನ ಹಿಂದೆ ಇರುತ್ತದೆ. ಹೊಸ್ತಿಲಿನಲ್ಲಿಯೂ ಇದೇ ಉಪಾಯ ನಡೆಯುತ್ತದೆ, ಏಕೆಂದರೆ ಹೊಸ್ತಿಲು ದಾಟುವ ಮುಂಚೆ ಪ್ರತಿ ಮಗುವೂ ಒಂದು ಕ್ಷಣ ನಿಲ್ಲುತ್ತದೆ.

ಓಡುವ ಮಗುವಿಗೆ ದಾರಿಯ ಮೇಲೊಂದು ಗುರುತು ಹಿಡಿಯಿರಿ: ಒಂದು ಒಣ ಎಲೆ, ಕಲ್ಲುಹಾಸಿನ ಒಂದು ಸಂದು. ಅಲ್ಲಿಗೆ ಫೋಕಸ್ ಕಟ್ಟಿ, ಮಗು ಅದನ್ನು ತಲುಪುವ ಒಂದು ಹೆಜ್ಜೆ ಮುಂಚೆಯೇ ಬರ್ಸ್ಟ್ ಶುರುಮಾಡಿ. ಗುರುತಿನ ಮೇಲೆ ಕಾಲಿಟ್ಟ ಮೇಲೆ ಒತ್ತಿದರೆ ತಡವಾಯಿತು.

ಉಯ್ಯಾಲೆ ಎಲ್ಲಕ್ಕಿಂತ ಸುಲಭ ಎಂದರೆ ನಂಬುವುದು ಕಷ್ಟ. ಉಯ್ಯಾಲೆಯ ವೇಗ ಕೆಳಗಿನ ನಡುಭಾಗದಲ್ಲಿ ಅತಿ ಹೆಚ್ಚು, ಎರಡು ತುದಿಗಳಲ್ಲಿ ಸೊನ್ನೆ. ಮುಂದಿನ ತುದಿಯಲ್ಲಿ ಮುಖ ಎಲ್ಲಿಗೆ ಬರುತ್ತದೆಂದು ಎರಡು ಮೂರು ಸುತ್ತು ನೋಡಿ ಅಲ್ಲಿಗೆ ಫೋಕಸ್ ಹೊಂದಿಸಿದರೆ, ಪ್ರತಿ ಸುತ್ತಿನಲ್ಲೂ ಅದೇ ಜಾಗಕ್ಕೆ ಬಂದು ಮಗು ಅರೆಗಳಿಗೆ ನಿಲ್ಲುತ್ತದೆ. ಹೊಸಬರು ಇಲ್ಲಿಂದಲೇ ಆರಂಭಿಸಲಿ. ಉಯ್ಯಾಲೆಯ ದಾರಿಯಿಂದ ಹೊರಗೆ, ಓರೆಗೆ ನಿಲ್ಲುವುದನ್ನು ಮಾತ್ರ ಮರೆಯಬಾರದು.

7. ಕಣ್ಣು ಕ್ಯಾಮೆರಾದಲ್ಲಿರುವಾಗ ಮಗುವನ್ನು ಯಾರು ನೋಡುತ್ತಾರೆ

ಕೈಯಿಂದ ಫೋಕಸ್ ಮಾಡುವವರ ಕಣ್ಣು ಹೆಚ್ಚು ಹೊತ್ತು ವ್ಯೂಫೈಂಡರಿನಲ್ಲೇ ಇರುತ್ತದೆ ಮತ್ತು ಅದರಲ್ಲಿ ದೂರದ ಅರಿವು ಸರಿಯಾಗಿ ಆಗುವುದಿಲ್ಲ. ಬಲಮುರಿಯ ನೀರಿನ ಬಳಿ, ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ, ಆಲೆಮನೆಯ ಕುದಿಯುವ ಕೊಪ್ಪರಿಗೆಯ ಹತ್ತಿರ ಒಬ್ಬರೇ ಮಗುವಿನ ಫೋಟೊ ತೆಗೆಯಲು ದಯವಿಟ್ಟು ಹೋಗಬೇಡಿ. ಮಗುವಿನ ಕೈಗೆಟಕುವ ದೂರದಲ್ಲಿ ಇನ್ನೊಬ್ಬ ದೊಡ್ಡವರು ಇರಲೇಬೇಕು, ಅವರ ಕೈಯಲ್ಲಿ ಮೊಬೈಲ್ ಇರಬಾರದು.

ಉದ್ಯಾನದಲ್ಲಿ ಬೇರೆಯವರ ಮಕ್ಕಳು ಚೌಕಟ್ಟಿನೊಳಗೆ ಬಂದರೆ ತಂದೆತಾಯಿಯರನ್ನು ಕೇಳಿ, ಚಿತ್ರ ತೋರಿಸಿ, ಬೇಡವೆಂದರೆ ಅವರ ಎದುರಿನಲ್ಲಿಯೇ ಅಳಿಸಿ.

8. ಮನೆಗೆ ಬಂದ ಮೇಲೆ

ಚಿತ್ರಗಳನ್ನು ದೊಡ್ಡ ಪರದೆಯ ಮೇಲೆ ಹಿಗ್ಗಿಸಿ, ಫೋಕಸ್ ಕಣ್ಣಿನ ಮುಂದೆ ಬಿದ್ದಿದೆಯೋ ಹಿಂದೆ ಬಿದ್ದಿದೆಯೋ ಎಂದು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಹಳೆಯ ಲೆನ್ಸಿನ ಅಪರ್ಚರ್ ಚಿತ್ರದ ಕಡತದಲ್ಲಿ ದಾಖಲಾಗುವುದಿಲ್ಲವಾದ್ದರಿಂದ ಅದನ್ನೂ ಬರೆಯಬೇಕು. ಹೆಚ್ಚಿನ ಚಿತ್ರಗಳಲ್ಲಿ ಕಿವಿ ಸ್ಪಷ್ಟವಾಗಿದ್ದು ಕಣ್ಣು ಮಸುಕಾಗಿದ್ದರೆ ನೀವು ಗುಂಡಿಯನ್ನು ತಡವಾಗಿ ಒತ್ತುತ್ತಿದ್ದೀರಿ. ಮೂಗಿನ ತುದಿ ಅಥವಾ ಚಾಚಿದ ಕೈ ಸ್ಪಷ್ಟವಾಗಿದ್ದರೆ ಅವಸರಪಡುತ್ತಿದ್ದೀರಿ. ಇದು ನಿಮ್ಮತ್ತ ಬರುತ್ತಿರುವ ಮಗುವಿನ ಮಾತು, ದೂರ ಹೋಗುತ್ತಿರುವ ಮಗುವಿಗೆ ತಿರುಗಿಸಿ ಓದಿಕೊಳ್ಳಿ.

ಜೂನ್‌ನಿಂದ ಅಕ್ಟೋಬರ್‌ವರೆಗಿನ ತೇವದ ತಿಂಗಳುಗಳಲ್ಲಿ ಲೆನ್ಸನ್ನು ಅದರ ಹಳೆಯ ಚರ್ಮದ ಚೀಲದಲ್ಲಿಡಬೇಡಿ, ಬೂಷ್ಟು ಮೊದಲು ಹಿಡಿಯುವುದೇ ಆ ಚರ್ಮಕ್ಕೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಅಕ್ಕಿಯಲ್ಲಿ ಹೂತಿಡುವ ಸಲಹೆಯನ್ನು ಕೇಳಬೇಡಿ, ಅಕ್ಕಿಯ ಹುಡಿ ಉಂಗುರದ ಸಂದಿಗೆ ಸೇರುತ್ತದೆ. ಹರಳುಗಳಾಗಿ ಸಿಗುವ ಸಿಲಿಕಾ ಜೆಲ್, ಲೆನ್ಸಿನ ಚಿಕ್ಕ ಮುಚ್ಚಳ ಮತ್ತು ಬಟನ್ ಸೆಲ್‌ಗಳು ಮಗುವಿನ ಬಾಯಿಗೆ ಹೋಗುವಷ್ಟು ಸಣ್ಣವಾದ್ದರಿಂದ ಆ ಡಬ್ಬಿಯ ಜಾಗ ಬೀರುವಿನ ಮೇಲಿನ ಅರೆ, ಬೀಗದ ಒಳಗೆ.